ಖಾಲಿ ಹೋಗದ ಬಟ್ಟಲು

ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಸದಾಕಾಲ ಒಂದು ಪರಕೀಯ ಬಟ್ಟಲು ಇರುತ್ತದೆ. ಯಾರದೋ ಮನೆಯಿಂದ ಹೋಳಿಗೆಯನ್ನೋ ಹಿಂಡಿ ಎಂಬ ಚಟ್ನಿಪುಡಿಯನ್ನೋ ಹೊತ್ತು ತಂದ ಅದು, ಸ್ವಗೃಹಕ್ಕೆ ಮರಳುವ ಯೋಗಕ್ಕಾಗಿ ಕಾಯುತ್ತ ಕುಳಿತಿರುತ್ತದೆ. ತೊಳೆದು ಕಳಿಸಬಹುದಲ್ಲ ಎಂದು ನೀವು ಕೇಳಿದರೆ, ನೀವು ಅಫಜಲಪುರದ ಕಡೆಯವರಲ್ಲ ಎಂದಾಯಿತು. ಬಂದ ಪಾತ್ರೆ ನಮ್ಮಲ್ಲಿ ಖಾಲಿ ಹೋಗುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯಾದರೂ ಬೀಳಬೇಕು. ಹಿಟ್ಟು ಕೈಗಡ ತಂದರೂ ಅಷ್ಟೇ, ತಂದಷ್ಟನ್ನು ಅಳೆದು ಕೊಟ್ಟು ಮೇಲೊಂದು ಮುಷ್ಟಿ ಸುರಿದರೆ ಮರ್ಯಾದೆ. ಈ ಸದಾಚಾರಕ್ಕೂ ಗಣಿತಶಾಸ್ತ್ರಕ್ಕೂ ಬದ್ಧವೈರವಿದೆ ಎಂಬುದು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ತಿಳಿದದ್ದು ಹೋದ ವಾರ, ಒಂದು ಪ್ರಾಥಮಿಕ ಶಾಲೆಯಲ್ಲಿ.

ಘತ್ತರಗಿಯ ಹಾದಿಯ ಒಂದು ಹಳ್ಳಿಯಲ್ಲಿ ನನ್ನ ಅಣ್ಣನ ಮಗಳು ಮಹಾದೇವಿ ಮುಖ್ಯೋಪಾಧ್ಯಾಯಿನಿ. ಸಹಶಿಕ್ಷಕಿ ತರಬೇತಿಗೆ ಹೋದ ವಾರ ಆಕೆ ನನ್ನನ್ನು ಹಿಡಿದಳು. “ಕಾಕಾ, ಮನ್ಯಾಗ ಕುಂತು ಏನ್ ಮಾಡ್ತೀರಿ? ಮೂರನೇತ್ತಾ ಹುಡುಗ್ರಿಗಿ ಕೈಗಡ ತಗೊಂಡು ಕಳೆಯೂ ಲೆಕ್ಕ ಒಂದ್ ಕಲಸ್ರಿ. ಶನಿವಾರ ಭಾಗಮ್ಮನ ಅವ್ವ ಬರಾಕತ್ತಾಳ. ಮಗಳು ಆಕಿ ಮುಂದ ಲೆಕ್ಕ ಮಾಡಿದ್ರ ಇಲ್ಲೇ ಇಡ್ತಾಳಂತ. ಇಲ್ಲಂದ್ರ ಸೋಮವಾರದಿಂದ ಕಾನ್ವೆಂಟ್ ಗಾಡಿ ಹತ್ತಸ್ತಾಳ. ಆಕಿ ಹ್ವಾದ್ರ ಗೆಳತ್ಯಾರೂ ಬೆನ್ನ ಹತ್ತಿ ಹೋಗ್ತಾರ್ರಿ.”

ಎಣ್ಣೆ ಹಚ್ಚಿ ಬಿಗಿದ ಎರಡು ಜಡೆಯ ಭಾಗಮ್ಮ ಮೊದಲ ದಿನವೇ ನನ್ನ ಬಳಿ ಬಂದು, “ನಾ ಗಾಡಿ ಹತ್ತಾಂಗಿಲ್ರಿ ಸರ್” ಎಂದು ಕಣ್ಣು ತುಂಬಿಕೊಂಡಳು.

ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಬೇಕು. ಎರಡರ ಮನೆಯಲ್ಲಿ ಏಳು ಕೊಡುವಷ್ಟಿಲ್ಲ, ಪಕ್ಕದ ಐದರ ಮನೆಯಿಂದ ಒಂದು ಹತ್ತು ತರಬೇಕು. ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ಮುಗಿಸುವ ಈ ವೃತ್ತಾಂತವನ್ನು ನಾನು ಖಂಡಕಾವ್ಯಕ್ಕೆ ವಿಸ್ತರಿಸಿದೆ. ಎರಡರ ಮನೆಗೆ ಬೀಗರು ಬಂದರು, ರೊಟ್ಟಿಗೆ ಹಿಟ್ಟು ಸಾಲಲಿಲ್ಲ, ಸೊಸೆ ಬಟ್ಟಲು ಹಿಡಿದು ಪಕ್ಕದ ಮನೆಗೆ ನಡೆದಳು. “ತಿಳೀತೇನು?” ಎಂದೆ. “ತಿಳೀತ್ರೀ ಸರ್!” ಎಂದು ಇಡೀ ತರಗತಿ ಸೂರು ಹಾರುವಂತೆ ಕೂಗಿತು. ಕಾಲೇಜಿನಲ್ಲಿ ಆ ಪ್ರಶ್ನೆಗೆ ಫ್ಯಾನಿನ ಸದ್ದಲ್ಲದೆ ಅನ್ಯ ಉತ್ತರ ಕೇಳಿದವನಲ್ಲ ನಾನು. ಆ ಘೋಷದ ರುಚಿ ಹತ್ತಿ, ಮಕ್ಕಳ ಪಾಟಿ ನೋಡುವಂಥ ಕ್ಷುದ್ರ ಕಾರ್ಯಕ್ಕಿಳಿಯದೆ, ಬುಧವಾರದವರೆಗೂ ಅದನ್ನೇ ಕೇಳಿ ಕೇಳಿ ಪುಳಕಗೊಂಡೆ.

ಗುರುವಾರ ಪಾಟಿ ನೋಡಿದರೆ ಎಲ್ಲರ ಉತ್ತರವೂ ನಲವತ್ತೈದು. ನೋಡಿ ಬರೆದಿರಬೇಕೆಂದು ದೂರ ದೂರ ಕೂರಿಸಿದೆ, ಆಗಲೂ ನಲವತ್ತೈದು. ಶುಕ್ರವಾರ ಕಥೆಗೆ ಅತ್ತೆಯನ್ನೂ ನಾದಿನಿಯನ್ನೂ ಸೇರಿಸಿ ಮತ್ತಷ್ಟು ಬೆಳೆಸಿದೆ. “ತಿಳೀತ್ರೀ ಸರ್!” ಎಂಬ ಅದೇ ಘೋಷ, ಪಾಟಿಯ ಮೇಲೆ ಅದೇ ನಲವತ್ತೈದು. ನಾಳೆ ಆ ಹುಡುಗಿಯ ಗತಿಯೇನು?

ಶನಿವಾರ ಭಾಗಮ್ಮನ ತಾಯಿ ತಲೆತುಂಬ ಸೆರಗು ಹೊದ್ದು ಹಿಂದೆ ಕುಳಿತಳು. ಮಗಳು ಹಲಗೆಯ ಮೇಲೆ ಅದೇ ಲೆಕ್ಕ ಹಾಕಿಕೊಂಡು, ಹನ್ನೆರಡರಲ್ಲಿ ಏಳು ಕಳೆದು ಐದು ಬರೆದಳು. ನನ್ನ ಉಸಿರು ಹಗುರಾಯಿತು. ಆಮೇಲೆ ಪಕ್ಕದ ಮನೆಯಲ್ಲಿ ಉಳಿದಿದ್ದ ನಾಲ್ಕನ್ನು ಒರೆಸಿ, ಧೀರಗಂಭೀರವಾಗಿ ಆರು ಬರೆದಳು!

“ಯಾಕವ್ವಾ?” ಎಂದೆ.

“ತಂದಿದ್ದು ಹೊಳ್ಳಿ ಕೊಟ್ಟೇನ್ರಿ.”

“ಹಂಗಾದ್ರ ಐದು ಆಗಬೇಕಲ್ಲ?”

ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು. “ಬಟ್ಟಲ ಖಾಲಿ ಕೊಡಬಾರದಲ್ರಿ ಸರ್. ಮ್ಯಾಲ ಒಂದ್ ಮುಷ್ಟಿ ಹಾಕೇನಿ.”

ಇಡೀ ತರಗತಿ ಹೌದೆಂದು ತಲೆಯಾಡಿಸಿತು. ಆರರಲ್ಲಿ ಎರಡು ಕಳೆದರೆ ನಾಲ್ಕು, ಅಲ್ಲಿಗೆ ನಲವತ್ತೈದರ ಗುಟ್ಟು ಬಯಲಾಯಿತು. ಮಹಾದೇವಿ ಹಾಜರಿ ಪುಸ್ತಕದ ಹಿಂದೆ ಮುಖ ಮರೆಸಿಕೊಂಡಳು. ನಾನು ಕಪಾಟಿನತ್ತ ಓಡಿ, ಹತ್ತುಹತ್ತರಂತೆ ಕಟ್ಟಿಟ್ಟ ಕಡ್ಡಿಗಳನ್ನು ತಂದು ಮೇಜಿನ ಮೇಲೆ ಸುರಿದೆ. “ಭಾಗಮ್ಮಾ, ಪಕ್ಕದ ಮನಿ ಇಲ್ಲೇ ಇಲ್ಲವ್ವಾ. ಸುಳ್ಳ ಕಥಿ ಹೇಳಿ ಕೆಡಿಸಿದೆ. ಈ ಕಟ್ಟೆಲ್ಲಾ ನಿಮ್ಮ ಮನೀವೇ” ಎಂದು ಒಂದು ಕಟ್ಟನ್ನು ಬಿಚ್ಚಿದೆ.

“ನಮ್ಮ ಮನೀದ ಅಂದಮ್ಯಾಲ ಹೊಳ್ಳಿ ಯಾರಿಗಿ ಕೊಡೂದ್ರಿ? ಮೊದ್ಲೇ ಹೇಳಬಾರದೇನ್ರಿ!” ಎಂದು ಆಕೆ ಆರನ್ನು ಒರೆಸಿ ನಾಲ್ಕು ಬರೆದು, ಇಪ್ಪತ್ತೈದಕ್ಕೆ ಬಂದು ನಿಂತಳು. ಅಭ್ಯಾಸಬಲದಿಂದ “ತಿಳೀತೇನು?” ಎಂದೆ. ಘೋಷ ಮೊಳಗುವಷ್ಟರಲ್ಲಿ ಭಾಗಮ್ಮ ಕೈಯೆತ್ತಿದಳು. “ಇನ್ನೊಮ್ಮಿ ಬಿಚ್ಚಿ ತೋರಸ್ರಿ ಸರ್.” ಆ ವಾರದಲ್ಲಿ ನಾನು ಕೇಳಿದ ಅತ್ಯಂತ ಮಧುರವಾದ ಮಾತು ಅದು. ಸಂತೋಷಕ್ಕೆ ಎಲ್ಲ ಕಟ್ಟುಗಳನ್ನೂ ಬಿಚ್ಚಿಬಿಟ್ಟೆ.

ತಾಯಿ ಎದ್ದು, “ಕೊಡೂದು ಮನ್ಯಾಗ ನಾ ಕಲಿಸೇನ್ರಿ. ಕಳೆಯೂದು ನೀವು ಕಲಸ್ರಿ” ಎಂದು ಹೊರಟೇಹೋದಳು. ಅದು ಒಪ್ಪಿಗೆಯೋ ಆಕ್ಷೇಪಣೆಯೋ ತಿಳಿಯದೆ ನಾನು ಭಾನುವಾರವನ್ನು ಹೇಗೋ ನೂಕಿದೆ.

ಸೋಮವಾರ ಸಂಜೆ ಮಹಾದೇವಿ ಒಂದು ಬಟ್ಟಲು ಹಿಡಿದು ಮನೆಗೆ ಬಂದಳು. ಅದರ ತುಂಬ ಶೇಂಗಾ ಹಿಂಡಿ. “ಭಾಗಮ್ಮನ ಅವ್ವ ಕೊಟ್ಟಾಳ್ರಿ ಕಾಕಾ. ಮುಂಜಾನಿ ಗಾಡಿ ಅವರ ಮನಿ ಮುಂದ ಹಾರ್ನ್ ಹೊಡದೂ ಹೊಡದೂ ಹೋತಂತ್ರಿ.”

ಬಟ್ಟಲು ಈಗ ನಮ್ಮ ಮಾಡದಲ್ಲಿದೆ. ಅದಕ್ಕೆ ತುಂಬಲೆಂದು ನನ್ನ ಹೆಂಡತಿ ಒಳಗೆ ಎಳ್ಳುಂಡಿ ಕಟ್ಟುತ್ತಿದ್ದಾಳೆ. ಒಯ್ದು ಮುಟ್ಟಿಸುವ ಕೆಲಸವನ್ನು ನಾನೇ ಬೇಡಿ ಪಡೆದಿದ್ದೇನೆ. ಇಷ್ಟೆಲ್ಲದರಲ್ಲಿ ಖಾಲಿ ಹೋದದ್ದು ಆ ಗಾಡಿಯೊಂದೇ.