ಮಾವನವರ ಬಲ ಸೊಂಟ

ಹೋದ ವಾರ ಹೊಲಿಗೆ ಯಂತ್ರ ರಿಪೇರಿ ಮಾಡುವವನು ಮನೆಗೆ ಬಂದಿದ್ದ. ನನ್ನ ಯಂತ್ರ ಬಹಳ ದಿನದಿಂದ ಕಿರ್ರೆನ್ನುತ್ತಿತ್ತು. ಅವನು ಅದನ್ನು ಮಗ್ಗುಲಿಗೆ ಕೆಡವಿ, ಉದ್ದ ಮೂತಿಯ ಡಬ್ಬಿಯಿಂದ ಹನಿಹನಿಯಾಗಿ ಎಣ್ಣೆ ಬಿಡುತ್ತಿದ್ದ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಆ ವಾಸನೆ ಅಲ್ಲಿಯವರೆಗೂ ಬಂತು. ಬಂದ ಕೂಡಲೇ ನನ್ನ ಬಾಯಿಂದ, "ಮಾವಾರ, ಚಾ ಇಡ್ಲೇನ್ರಿ?" ಅಂತ ಹೊರಬಿದ್ದುಬಿಟ್ಟಿತು.

"ಯಾರ್ನ ಕೇಳಿದ್ರಿ ಅಕ್ಕಾರ?" ಅಂದ ಅವನು.

"ಯಾರ್ನೂ ಇಲ್ಲಪ್ಪ. ನೀ ಮಾಡು ನಿನ್ನ ಕೆಲಸ," ಅಂದೆ.

ಉಳಿದವರ ಮನೆಯಲ್ಲಿ ಅದು ಹೊಲಿಗೆ ಯಂತ್ರದ ಎಣ್ಣೆ. ನಮ್ಮ ಮನೆಯಲ್ಲಿ ಮಾತ್ರ ಪಿಸ್ತೂಲಿನ ಎಣ್ಣೆ. ನನ್ನ ತವರಿನವರು ಯಂತ್ರದ ಜೊತೆ ಕೊಟ್ಟ ಡಬ್ಬಿಯನ್ನು ಮದುವೆಯಾದ ಮೊದಲ ತಿಂಗಳಲ್ಲೇ ಮಾವನವರು ಖಾಲಿ ಮಾಡಿದ್ದರು. ಕೇಳೋಣವೆಂದರೆ ಹೊಸ ಸೊಸೆ. ಸುಮ್ಮನೆ ಇನ್ನೊಂದು ಡಬ್ಬಿ ತರಿಸಿದೆ. ಅದೂ ಹೋಯಿತು.

ಕೊಟ್ಟೂರಿನಲ್ಲಿ ನಮ್ಮದು ಬೀಜ ಗೊಬ್ಬರದ ಅಂಗಡಿ. ಅಂಗಡಿಗೆ ರಜೆ ಇದ್ದ ದಿನ ಮಾವನವರು ಪಡಸಾಲೆಯ ಮಂಚದ ಮೇಲೆ ಹಳೆಯ ಧೋತರ ಹಾಸಿಕೊಂಡು ಕೂಡುತ್ತಿದ್ದರು. ಮೊದಲು ಹಿಡಿಕೆಯ ತಳದಿಂದ ಗುಂಡಿನ ಪಟ್ಟಿ ಎಳೆದು ಪಕ್ಕಕ್ಕಿಡುವುದು. ಆಮೇಲೆ ಮೇಲಿನ ಕಬ್ಬಿಣವನ್ನು ಹಿಂದಕ್ಕೆ ಜಗ್ಗಿ, ಒಳಗೆ ಬೆರಳು ಹಾಕಿ ಏನೂ ಉಳಿದಿಲ್ಲವೆಂದು ನೋಡುವುದು. ನೋಡಿದ್ದನ್ನೇ ಮತ್ತೊಮ್ಮೆ ನೋಡುವುದು. ಅಷ್ಟಾದ ಮೇಲೆ ಬಿಚ್ಚಿ, ಒರೆಸಿ, ಎಣ್ಣೆ ಹಾಕುತ್ತಿದ್ದರು. ಕೊನೆಗೆ ಮೇಲಿನದನ್ನು ಬಿಟ್ಟಾಗ 'ಕಟಕ್' ಅಂತ ಒಂದು ಶಬ್ದ ಬರುತ್ತಿತ್ತು. ಆ ಶಬ್ದ ಕೇಳಿದ ಮೇಲೆ ನಾನು ಚಹಾಕ್ಕೆ ಇಡಬಹುದು ಅಂತ ಲೆಕ್ಕ.

ಸಿನಿಮಾದಲ್ಲಿ ತೋರಿಸುವಂಥ ದೊಡ್ಡ ಪಿಸ್ತೂಲಲ್ಲ ಅದು. ಹರಪನಹಳ್ಳಿಯ ಒಬ್ಬ ಹಳೆಯ ಜಮೀನ್ದಾರರ ಮಕ್ಕಳು ಬೇಡವೆಂದು ಮಾರಿದ್ದು, ವಿಲಾಯತಿ ಮಾಲು. ಬಳಸಿ ಬಳಸಿ ತೆಳ್ಳಗಾದ ಸೋಪಿನ ಹಾಗೆ ಚಪ್ಪಟೆ, ಎಲ್ಲಿಯೂ ಚೂಪಿಲ್ಲ, ಮೂಲೆಗಳೆಲ್ಲ ದುಂಡಗೆ. ಬಣ್ಣ ಕಪ್ಪೂ ಅಲ್ಲ, ನೀಲಿಯೂ ಅಲ್ಲ... ಬಿಸಿಲಿಗೆ ಹಿಡಿದರೆ ನೀಲಿ, ಒಳಗೆ ತಂದರೆ ಕಪ್ಪು. ಮೂತಿಯ ಎರಡೂ ಬದಿ ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ನಮ್ಮ ಕಡೆ ಬಂದೂಕಿನ ಹಿಂದೆ ಬಡಿಯುವ ತುಂಡಿಗೆ ಕುದುರೆ ಅನ್ನುತ್ತಾರಲ್ಲ, ಇದರ ಕುದುರೆ ಹೊರಗೆ ಕಾಣುತ್ತಲೇ ಇರಲಿಲ್ಲ.

"ಕುದುರಿ ಒಳಗೈತಿ. ಹೊರಗಿದ್ರ ಅಂಗಿಗೆ ಸಿಗಾಕ್ಕೊಂತೈತಿ," ಅನ್ನುತ್ತಿದ್ದರು ಮಾವನವರು. ಅವರಿಗೆ ಅದೊಂದು ಹೆಮ್ಮೆ. ನೋಡಿದವರು ಇಷ್ಟು ಸಣ್ಣದೇ ಅಂದರೆ ಇನ್ನೊಂದು ಮಾತೂ ತಯಾರಿತ್ತು. "ದೊಡ್ಡದು ತಗೊಂಡ್ರ ಮನ್ಯಾಗ ಉಳಿತೈತಿ. ಇದು ಮೈಮ್ಯಾಲ ಉಳಿತೈತಿ."

ಮೈಮೇಲೆ ಉಳಿಯಿತು, ನಿಜ. ಅದರ ಕಷ್ಟ ಗೊತ್ತಾಗಿದ್ದು ಅವರ ಬಟ್ಟೆ ಒಗೆಯುತ್ತಿದ್ದ ನನಗೆ. ಅವರ ಅಂಗಿಗಳೆಲ್ಲ ಬಲಗಡೆ ಸೊಂಟದ ಹತ್ತಿರವೇ ಹರಿಯುತ್ತಿದ್ದವು. ಎಡಗಡೆ ಹೊಸದರ ಹಾಗೆ, ಬಲಗಡೆ ಜಾಳುಜಾಳು. ಎಣ್ಣೆಯ ಕಲೆಯನ್ನು ಎಂಥ ಸೋಪು ಹಾಕಿದರೂ ತೆಗೆಯಲಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಬೆವರಿನ ಉಪ್ಪು ಕಬ್ಬಿಣ ತಿನ್ನುತ್ತದೆಂದು ದಿನಕ್ಕೆ ಎರಡು ಸಲ ಒರೆಸುತ್ತಿದ್ದರು. ಕುರ್ಚಿಯಲ್ಲಿ ಕೂತರೆ ಯಾವಾಗಲೂ ಎಡಕ್ಕೆ ವಾಲಿಯೇ ಕೂಡಬೇಕು. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಮದುವೆ ಮನೆಯ ಊಟದ ಸಾಲಿನಲ್ಲೂ ಅವರಿಗೆ ಗೋಡೆಯ ಜಾಗವೇ ಬೇಕು, ಅದು ಸಿಗದಿದ್ದರೆ ಉಪವಾಸ ಬಂದರು ಅಂತಲೇ ತಿಳಿಯಿರಿ. ಆಯುಧಪೂಜೆಯ ದಿನ ಕುಂಕುಮ ಹಚ್ಚಲು ಹೋದರೆ ಚರ್ಮದ ಚೀಲ ಮುಂದೆ ಮಾಡುತ್ತಿದ್ದರು. "ಇದಕ್ಕ ಹಚ್ಚವ್ವ. ಒಳಗ ಬಿದ್ರ ಕುದುರಿ ಕುಂಟತೈತಿ."

ಇಷ್ಟೆಲ್ಲ ಯಾಕೆ ಅಂತೀರಿ? ಅವರದು ಮೂಲ ಮಾಗಳದ ಕಡೆ, ಹೊಳೆಸಾಲಿನ ಹೊಲ. ಅಲ್ಲಿ ಬದುವಿನ ಜಗಳದಲ್ಲಿ ಪಕ್ಕದ ಹೊಲದವನೊಬ್ಬ ಮಾವನವರ ಅಣ್ಣನನ್ನು ಕೊಡಲಿಯಿಂದ ಕಡಿದುಹಾಕಿದ. ಕಂಡವರು ಇವರೊಬ್ಬರೇ. ಕೋರ್ಟಿನಲ್ಲಿ ಸಾಕ್ಷಿ ಹೇಳಿದವರೂ ಇವರೇ. ಅವನು ಜೈಲಿಗೆ ಹೋದ, ವರ್ಷಗಟ್ಟಲೆ ಇದ್ದ, ಹೊರಗೆ ಬಂದ. ಬಂದವನು "ಇನ್ನೊಬ್ಬ ಉಳ್ದಾನ" ಅಂದನಂತೆ ಎಂಬ ಮಾತು ಹೂವಿನಹಡಗಲಿ ಬಸ್ಸಿನಲ್ಲಿ ಹತ್ತಿ ನಮ್ಮ ಮನೆಗೆ ಬಂತು. ಮಾವನವರು ಹೊಲ ಬಿಟ್ಟು, ಊರು ಬಿಟ್ಟು, ಕೊಟ್ಟೂರಿಗೆ ಬಂದು ಅಂಗಡಿ ಹಾಕಿದರು. ಲೈಸೆನ್ಸ್ ಮಾಡಿಸಿದರು. ಆಗಿನಿಂದ ಅದು ಸೊಂಟ ಬಿಟ್ಟು ಇಳಿದಿಲ್ಲ.

ಇಳಿದಿಲ್ಲ ಅನ್ನುವುದು ತಪ್ಪು. ಎಲೆಕ್ಷನ್ನಿಗೆ ಇಳಿಯುತ್ತಿತ್ತು. ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸ್ ಇದ್ದವರೆಲ್ಲ ತಮ್ಮ ಬಂದೂಕು, ಪಿಸ್ತೂಲುಗಳನ್ನು ಠಾಣೆಗೆ ಒಪ್ಪಿಸಬೇಕು, ರಿಸಲ್ಟ್ ಬಂದ ಮೇಲೆ ಬಿಡಿಸಿಕೊಳ್ಳಬೇಕು. ಒಪ್ಪಿಸಿ ಬಂದ ದಿನ ಮಾವನವರು ಮೈಯೆಲ್ಲ ಬರಿದಾದವರ ಹಾಗೆ ಅಂಗಿ ಕೆಳಗೆಳೆಯುತ್ತ ಅತ್ತಿತ್ತ ಓಡಾಡುತ್ತಿದ್ದರು. ಎರಡು ದಿನ ಊಟ ಸೇರದು. ಮೂರನೆಯ ದಿನದಿಂದ ಬೇರೆಯೇ ಮನುಷ್ಯ! ಬಲಮಗ್ಗುಲಿಗೆ ಹೊರಳಿ ಗೊರಕೆ ಹೊಡೆಯುವುದು, ಅತ್ತೆಯವರನ್ನು ಕಾಡುವುದು, ನನ್ನ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಓಣಿ ಸುತ್ತುವುದು. ಉಳಿದ ದಿನ ಅವಳು ಓಡಿಬಂದು ಅಪ್ಪಿಕೊಳ್ಳಲು ಹೋದರೆ ಕೈ ಚಾಚಿ ದೂರವೇ ನಿಲ್ಲಿಸುತ್ತಿದ್ದರು. ಪಾಪ ಆ ಕೂಸು, "ಅವ್ವಾ, ಮತ್ತ ಎಲೆಕ್ಷನ್ ಯಾವಾಗ?" ಅಂತ ಕೇಳುತ್ತಿತ್ತು. ಪಂಚಾಯ್ತಿ ಎಲೆಕ್ಷನ್ ಆದರೂ ನಮ್ಮ ಮನೆಯಲ್ಲಿ ಹೋಳಿಗೆಯಾಗುತ್ತಿತ್ತು ಅಂದರೆ ನಗಬೇಡಿ.

"ದಿನಾ ಎಲೆಕ್ಷನ್ ಇದ್ದಿದ್ರ ನನಗೂ ಒಬ್ಬ ಗಂಡ ಇರ್ತಿದ್ದ," ಅನ್ನುತ್ತಿದ್ದರು ಅತ್ತೆ. ತಮಾಷೆಗೆ ಶುರುವಾದ ಮಾತು, ಮುಗಿಯುವಾಗ ತಮಾಷೆಯಾಗಿರುತ್ತಿರಲಿಲ್ಲ. ಅವರು ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು ಕೇಳಿದ್ದೂ ಅದೊಂದೇ. "ಅದನ್ನ ಹೆಂಗಾರ ಮಾಡಿ ಸ್ಟೇಷನ್ನಾಗಽ ಬಿಡ್ಸವ್ವ. ಸಾಯೋತನಕ ಈ ಮನುಷ್ಯಾ ಒಂದು ದಿನ ನೆಟ್ಟಗ ಮಲಗ್ಲಿ."

ಹೂಂ ಅಂದೆ. ಅವರು ಹೋದರು. ನಾನು ಮಾವನವರಿಗೆ ಹೇಳಿದ್ದೂ ಹೇಳಿದ್ದೇ, ಅವರು ಕೇಳಿಸಿಕೊಳ್ಳದೆ ಇದ್ದದ್ದೂ ಇದ್ದದ್ದೇ.

ಅತ್ತೆ ಹೋದ ಮೇಲೆ ಬಂದ ಎಲೆಕ್ಷನ್ ಅದು. ಪಿಸ್ತೂಲು ಠಾಣೆಯಲ್ಲಿತ್ತು. ಮಧ್ಯಾಹ್ನದ ಹೊತ್ತು, ನನ್ನ ಗಂಡ ಅಂಗಡಿಯಲ್ಲಿ, ಮಗಳು ಶಾಲೆಯಲ್ಲಿ. ಮಾವನವರು ಪಡಸಾಲೆಯಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದರು. ಬಾಗಿಲಲ್ಲಿ ಒಬ್ಬ ಮುದುಕ ನಿಂತ. ಕೋಲು, ಕಣ್ಣಿಗೆ ಆಪರೇಷನ್ನಿನ ಕಪ್ಪು ಕನ್ನಡಕ, ಬಸ್ಸಿನ ಧೂಳು ಕೂತ ಧೋತರ. ಭಿಕ್ಷೆಗೆ ಬಂದವನೇನೋ ಅಂದುಕೊಂಡೆ.

"ಗುರ್ತು ಹತ್ತಿತೇನು? ಮಾಗಳದಿಂದ ಬಂದೀನಿ," ಅಂದ.

ಮಾವನವರ ಬಲಗೈ ಸೊಂಟಕ್ಕೆ ಹೋಯಿತು. ಅಂಗಿಯೊಳಗೆ ಹೋಗಿ ಅಲ್ಲೇ ನಿಂತಿತು. ಆ ಕೈ ನೋಡಿದ ಮೇಲೆ ಬಂದವನು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಎಲೆಕ್ಷನ್ ಇಟ್ಟವರ ಹೊಟ್ಟೆ ತಣ್ಣಗಿರಲಿ ಅಂತ ಒಂದೇ ಮಾತು ಮನಸ್ಸಿನಲ್ಲಿ.

ಮುದುಕನೂ ಆ ಕೈ ನೋಡಿದ. "ಇದ್ರ ತಗೀರಿ. ಅದಕ್ಕೂ ತಯಾರಾಗೇ ಬಂದೀನಿ."

ಮಾವನವರು "ಎಲೆಕ್ಷನ್ ಐತಿ," ಅಂದರು. "ಸ್ಟೇಷನ್ನಾಗ ಕೊಟ್ಟೀನಿ."

ನಗು ಬರಬೇಕಾದ ಮಾತು. ಯಾರೂ ನಗಲಿಲ್ಲ. ಮುದುಕ ಕೋಲು ಊರಿ ಮೆಲ್ಲಗೆ ಹೊಸ್ತಿಲಾಚೆಯ ಕಟ್ಟೆಯ ಮೇಲೆ ಕೂತ.

"ಇನ್ನೊಬ್ಬ ಉಳ್ದಾನ ಅಂತ ನಾ ಅಂದೆ ಅಂತಾರಂತ ಮಂದಿ. ನಿಮ್ಮ ಕಿವಿಗೂ ಬಿದ್ದೈತಂತ. ಅದನ್ನ ನಾ ಅಂದಿಲ್ರಿ. ಒಂದು ಕಣ್ಣು ಹೋಗೈತಿ, ಇನ್ನೊಂದು ಹೋಗೋದ್ರಾಗ ಹೇಳಿ ಹೋಗ್ಬೇಕಂತ ಬಂದೆ."

"ಅಂದಿಲ್ಲೇನು?"

"ಇಲ್ಲ. ಮಾಡಿದ್ದು ಮಾಡೀನಿ, ಅದಕ್ಕ ಅನುಭವಿಸೀನಿ. ಅದನ್ನ ಮಾತ್ರ ಅಂದಿಲ್ಲ."

ಮಾವನವರು ನನ್ನ ಕಡೆ ತಿರುಗದೆ, "ನೀರು ಕೊಡವ್ವ," ಅಂದರು. ಕೊಟ್ಟೆ. ಚೊಂಬು ಹಿಡಿದ ಮುದುಕನ ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ನೀರು ಎದೆಯ ಮೇಲೆ ಹೋಯಿತು. ಕುಡಿದು, ಚೊಂಬು ಕೆಳಗಿಟ್ಟು, ಬರುತ್ತೇನೆ ಅಂತಲೂ ಹೇಳದೆ ಎದ್ದು ಹೋದ. ಮಾವನವರ ಕೈ ಇನ್ನೂ ಅಂಗಿಯೊಳಗೇ ಇತ್ತು.

"ಅವನ ಕೈ ನೋಡಿದಿ?" ಅಂತ ಕೇಳಿದರು.

"ಹೂನ್ರಿ ಮಾವಾರ."

ಮುದುಕ ಹೇಳಿದ್ದು ಖರೆಯೋ ಸುಳ್ಳೋ, ಅವರು ಚರ್ಚೆ ಮಾಡಲಿಲ್ಲ. ಸಂಜೆ ಮಗ ಬಂದಾಗಲೂ ಹೇಳಲಿಲ್ಲ, ನಾನೇ ಹೇಳಿದೆ.

ರಿಸಲ್ಟ್ ಬಂತು. ಠಾಣೆಯಿಂದ ಫೋನು ಬಂತು, ಬಂದು ತಗೊಂಡು ಹೋಗಿ ಅಂತ. "ನಾಳೆ ಹೋಗ್ತೀನಿ," ಅಂದರು ಮಾವನವರು. ಆ ನಾಳೆ ಬರಲೇ ಇಲ್ಲ. ನನಗಂತೂ ಸ್ವರ್ಗ ಮೂರೇ ಗೇಣು. ಅತ್ತೆಯವರ ಫೋಟೋಕ್ಕೆ ಹೂವೇರಿಸಿ, ಸ್ಟೇಷನ್ನಾಗ ಬಿಡಿಸಿದೆ ನೋಡ್ರಿ ಅತ್ತಿ ಅಂದೆ, ನಾನೇ ಬಿಡಿಸಿದವಳ ಹಾಗೆ.

ಆಮೇಲೆ... ಹೇಗೆ ಹೇಳಲಿ. ಮೊದಲು ಬಾಗಿಲಿನ ಕಡೆ ನೋಡುವುದು ಬಿಟ್ಟರು. ಎಲ್ಲಿ ಬೇಕಾದರೂ ಕೂಡತೊಡಗಿದರು, ಬಾಗಿಲಿಗೆ ಬೆನ್ನು ಹಾಕಿಯೂ. ಅಂಗಡಿಗೆ ಹೋಗುವುದು ಬಿಟ್ಟರು. ಮೊಮ್ಮಗಳು ಬಂದು ಮೈಮೇಲೆ ಬಿದ್ದರೂ ಕೈ ಎತ್ತುತ್ತಿರಲಿಲ್ಲ, ದೂರ ಮಾಡುವುದೂ ಇಲ್ಲ, ಅಪ್ಪಿಕೊಳ್ಳುವುದೂ ಇಲ್ಲ. ಮಲಗಿದರೆ ಮಲಗಿಯೇ ಇರುವರು. ಡಾಕ್ಟರು ಬಿಪಿ ನೋಡಿ, ಸಕ್ಕರೆ ನೋಡಿ, ಎಲ್ಲ ಸರಿಯಾಗಿದೆ ಅಂದರು. ಅತ್ತೆ ಬಯಸಿದ ಹಾಗೆ ನೆಟ್ಟಗೇ ಮಲಗಿದ್ದರು. ನೋಡಲಾಗುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ನಾನೇ ಅಂದೆ. "ಮಾವಾರ, ಸ್ಟೇಷನ್ನಿಗೆ ಹೋಗಿ ಅದನ್ನ ತಗೊಂಡ್ ಬರ್ರಿ. ಎಣ್ಣಿ ತರ್ಸೀನಿ."

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ.

"ಯಾರ ಸಲುವಾಗಿ ತರ್ಲೆವ್ವ?" ಅಂದರು.

ನಮ್ಮ ಸಲುವಾಗಿ ಅನ್ನಬಹುದಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ಅದಾಗಿ ಬಹಳ ದಿನ ಇರಲಿಲ್ಲ ಅವರು. ಒಂದು ಬೆಳಿಗ್ಗೆ ಚಹಾ ಒಯ್ದರೆ ಎದ್ದಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂಡಿಸಿ ಪೂಜೆ ಮಾಡುತ್ತಾರಲ್ಲ, ಎಷ್ಟು ಸರಿಪಡಿಸಿದರೂ ಎಡಕ್ಕೇ ವಾಲುತ್ತಿದ್ದರು. ಕೊನೆಗೆ ಯಾರೋ ಒಂದು ದಿಂಬು ಕೊಟ್ಟರು. ನನಗೆ ಅಳು ಬರಲಿಲ್ಲ. ಬಂದವರು ಏನಂದುಕೊಂಡಾರು ಅಂತ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ. ಈಗಲೂ ಬಂದಿಲ್ಲ.

ಹೊಲಿಗೆ ಯಂತ್ರದವನು ಬಂದುಹೋದ ಮರುದಿನವೇ ಠಾಣೆಯಿಂದ ಕರೆ ಬರಬೇಕೆ? ವಾರಸುದಾರರು ಬಂದು ಇಟ್ಟುಕೊಳ್ಳುತ್ತೀರೋ ಸರ್ಕಾರಕ್ಕೆ ಬಿಡುತ್ತೀರೋ ಹೇಳಿ, ಎಷ್ಟು ದಿನ ಅಂತ ನಾವು ಕಾಯುವುದು ಅಂದರು. ನನ್ನ ಗಂಡನಿಗೆ ಬೇಡ, ಅವರಿಗೆ ಅದನ್ನು ಕಂಡರೇ ಆಗದು. ನಾನೂ ಜೊತೆಗೆ ಹೋದೆ. ಅವರು ಒಳಗೆ ಸಾಹೇಬರ ಮುಂದೆ ಸಹಿ ಮಾಡುತ್ತಿದ್ದರು. ಹೊರಗಿನ ಮೇಜಿನ ಮೇಲೆ ಚಿಕ್ಕ ವಯಸ್ಸಿನ ಪೇದೆಯೊಬ್ಬ ಬಟ್ಟೆಯ ಗಂಟು ಬಿಚ್ಚಿ, ಗುಂಡಿನ ಪಟ್ಟಿ ತೆಗೆದು, ಮೇಲಿನದನ್ನು ಜಗ್ಗಿ ನೋಡಿ, "ಇದಽ ಅಲ್ರಿ ಅಕ್ಕಾರ? ನೋಡಿ ಹೇಳ್ರಿ," ಅಂದ.

ಇಷ್ಟು ವರ್ಷ ಅದರ ಕಲೆ ತೊಳೆದಿದ್ದೆ, ಅದನ್ನು ಮುಟ್ಟಿರಲಿಲ್ಲ. ಎತ್ತಿಕೊಂಡೆ. ಅಂದುಕೊಂಡಷ್ಟು ಭಾರವಿರಲಿಲ್ಲ. ಹಿಡಿಕೆಯ ಎರಡೂ ಕಡೆ ಕಟ್ಟಿಗೆಯ ಚಪ್ಪಟೆ ತುಂಡು, ಅದರ ಮೇಲೆ ಗೀರುಗೀರು ಕೆತ್ತನೆ. ಹೆಬ್ಬೆರಳು ಕೂಡುವ ಕಡೆ ಮಾತ್ರ ಕೆತ್ತನೆ ಸವೆದು ನುಣ್ಣಗೆ ಗುಳಿ ಬಿದ್ದಿತ್ತು. ನನ್ನ ಹೆಬ್ಬೆರಳು ತಾನಾಗಿ ಹೋಗಿ ಆ ಗುಳಿಯಲ್ಲಿ ಕೂತಿತು. ಹಿಂಭಾಗದಲ್ಲಿ ಒಂದು ಸಣ್ಣ ಕಬ್ಬಿಣದ ಪಟ್ಟಿ ಇತ್ತು, ಬಿಗಿಯಾಗಿ ಹಿಡಿದರೆ ಅಂಗೈಗೆ ಒಳಸರಿಯುತ್ತದೆ, ಸಡಿಲ ಬಿಟ್ಟರೆ ತಿರುಗಿ ಅಂಗೈಯನ್ನು ಒತ್ತುತ್ತದೆ. ಹಿಡಿದೆ, ಒಳಗೆ ಹೋಯಿತು. ಸಡಿಲ ಬಿಟ್ಟೆ, ತಿರುಗಿ ಒತ್ತಿತು. ಸೊಸೆಯಾಗಿ ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೆ. ಹಬ್ಬಕ್ಕೆ ಕಾಲಿಗೆ ಬಿದ್ದದ್ದು ಬಿಟ್ಟರೆ ಆ ಮನುಷ್ಯನನ್ನು ನಾನು ಮುಟ್ಟಿದ್ದಿಲ್ಲ.

ಪೇದೆ ಕೈ ಚಾಚಿದ.

"ಕೊಡ್ರಿ ಅಕ್ಕಾರ," ಅಂದ. ಆಮೇಲೆ ಇನ್ನೊಂದು ಸಲ, ಮೆಲ್ಲಗೆ, "ಅಕ್ಕಾರ, ಕೈ ಬಿಡ್ರಿ."