ಯಾರೂ ಎರಡು ಸಲ ಸತ್ತಿಲ್ಲ

ಅವರ ಬಲಗೈ ಹೆಬ್ಬೆರಳು ಚಮಚದ ತುದಿಯಂತೆ ಚಪ್ಪಟೆಯಾಗಿತ್ತು. ನಲವತ್ತು ವರ್ಷ ರಟ್ಟಿನ ಮೇಲೆ ಕಬ್ಬಿಣದ ಮೊಳೆ ಒತ್ತಿ ಒತ್ತಿ ಅದರ ಉಗುರು ಬೆಳೆಯುವುದನ್ನೇ ಬಿಟ್ಟಿತ್ತು. ಸೀರೆಯ ದಡಿಯಲ್ಲಿ ನವಿಲು ಮೂಡಬೇಕಾದರೆ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಮಗ್ಗಕ್ಕೆ ಹೇಳುವುದು ತೂತು ಹೊಡೆದ ರಟ್ಟಿನ ಕಾರ್ಡುಗಳು. ರಬಕವಿಯಲ್ಲಿ ನಮ್ಮ ಮನೆಯ ಪಕ್ಕದ ಗೋಡೆಯಾಚೆ ಕುಳಿತು ಅವರು ಆ ತೂತುಗಳನ್ನು ಹೊಡೆಯುತ್ತಿದ್ದರು. ಓಣಿಗೆಲ್ಲ ಅವರು ಕಾರ್ಡ್ ಕಾಕಾ, ನನಗೆ ಬರಿಯ ಕಾಕಾ.

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಜಮಖಂಡಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಳ್ಳುವ ಧೈರ್ಯ ನನಗೆ ಬಂದದ್ದು ಕಾಕಾ ಅವರ ಗ್ರಾಫ್ ಹಾಳೆಗಳಿಂದ. ಅವರು ಬಾಯಲ್ಲಿ ಎಣಿಸುತ್ತಿದ್ದರು, ನಾನು ಪೆನ್ಸಿಲ್ಲಿನಿಂದ ಚೌಕ ತುಂಬುತ್ತಿದ್ದೆ. "ನೋಡಿ ತುಂಬು ತಂಗಿ. ಒಂದು ಚೌಕ ತಪ್ಪಿದ್ರ ನವಿಲಿನ ಕಣ್ಣು ಹೊಟ್ಟ್ಯಾಗ ಬರ್ತೈತಿ" ಎನ್ನುತ್ತಿದ್ದರು.

ಒಬ್ಬೊಬ್ಬ ಗಿರಾಕಿಯ ಕಾರ್ಡಿನ ಕಟ್ಟಿಗೆ ಅವರು ಒಂದೊಂದು ಬಗೆಯ ಗಂಟು ಹಾಕುತ್ತಿದ್ದರು. ಬೇರೆ ಯಾರಾದರೂ ಬಿಚ್ಚಿ ಮತ್ತೆ ಕಟ್ಟಿದರೆ ಅವರಿಗೆ ತಕ್ಷಣ ತಿಳಿಯುತ್ತಿತ್ತು. ಒಮ್ಮೆ ಒಬ್ಬ ಸೀರೆ ವ್ಯಾಪಾರಿ ಬಂದು, ಬನಹಟ್ಟಿಯ ತನ್ನ ಎದುರಾಳಿಯ ದಡಿಯ ವಿನ್ಯಾಸವನ್ನೇ ತನಗೂ ಹೊಡೆದುಕೊಡಬೇಕೆಂದು ಪಿಸುಗುಟ್ಟಿದ. ಕಾಕಾ ತಲೆ ಎತ್ತಲಿಲ್ಲ. "ಹೊರಗ ಚಪ್ಪಲಿ ಬಿಟ್ಟೀರಲ್ಲ, ಅವನ್ನ ಹಾಕ್ಕೊಂಡು ಹೋಗ್ರಿ" ಎಂದರು.

ವಿಷಯ ಅಲ್ಲಿಗೆ ಮುಗಿಯಲಿಲ್ಲ, ಏಕೆಂದರೆ ಕಾಕಾ ಏನನ್ನೂ ಮರೆಯುವವರಲ್ಲ. ಮುಂದೆ ಎಷ್ಟೋ ವರ್ಷ ಆ ವ್ಯಾಪಾರಿಯ ಕೆಲಸಕ್ಕೆ ಎಲ್ಲರ ಕೆಲಸ ಮುಗಿದ ಮೇಲೆಯೇ ಸರದಿ. ದೀಪಾವಳಿಯ ಮುಂಚೆ ಅವನು ಬಾಗಿಲಲ್ಲಿ ನಿಂತು ಬೇಡುವಾಗ, "ಇನ್ನೊಂದು ಎಂಟ ದಿನಾ ಆಗ್ತೈತ್ರಿ" ಎಂದು ಬಹಳ ವಿನಯದಿಂದ ಹೇಳುತ್ತಿದ್ದರು. ಆದರೆ ಅವನ ಒಂದು ತೂತನ್ನೂ ತಪ್ಪಾಗಿ ಹೊಡೆಯಲಿಲ್ಲ. "ಸೇಡು ತೀರಸ್ಕೋಬೇಕು ತಂಗಿ, ಬಿಡಬಾರದು. ಖರೆ, ಕಾರ್ಡ್ ಕೆಡಸಬಾರದು" ಎಂಬುದು ಅವರ ಮಾತು. ಆಗ ಅದು ನನಗೆ ತಮಾಷೆಯಾಗಿ ಕೇಳಿಸಿತ್ತು.

ಓದು ಮುಗಿದ ಮೇಲೆ ನನಗೆ ಪುಣೆಯಲ್ಲಿ, ಒಂದು ವಿಮಾ ಕಂಪನಿಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಯಾವ ವಯಸ್ಸಿನ, ಯಾವ ಕಸುಬಿನ ಎಷ್ಟು ಜನ ಸಾಯಬಹುದು ಎಂದು ಲೆಕ್ಕ ಹಾಕಿ ಸಹಿ ಮಾಡುವ ವಿಮಾ ಗಣಿತಜ್ಞರನ್ನು ಆಕ್ಚುಯರಿ ಎನ್ನುತ್ತಾರೆ. ಅವರ ವರದಿ ವಿಮಾ ನಿಯಂತ್ರಕರಿಗೆ ಹೋಗುತ್ತದೆ. ಅದು ಗೌಪ್ಯ, ಸಾರ್ವಜನಿಕರಿಗೆ ಸಿಗುವುದಿಲ್ಲ. ಆ ವರದಿಗಳನ್ನು ಜೋಡಿಸಿ, ಮೊಹರು ಮಾಡಿ ಕಳುಹಿಸುವುದು ನನ್ನ ಕೆಲಸ. ಯಾರಿಗೂ ತೋರಿಸುವುದಿಲ್ಲವೆಂದು ಸೇರುವಾಗಲೇ ಬರೆದುಕೊಟ್ಟಿದ್ದೆ.

ನಮ್ಮೂರಿನ ನೇಕಾರರ ಸಂಘದ ಗುಂಪು ವಿಮೆ ಇದ್ದದ್ದು ನಮ್ಮ ಕಂಪನಿಯಲ್ಲೇ. ಒಂದು ವರ್ಷ ಸದಸ್ಯರಿಗೆಲ್ಲ ಪತ್ರ ಬಂತು: ರಬಕವಿ, ಬನಹಟ್ಟಿ ಹಾಗೂ ರಬಕವಿ-ಬನಹಟ್ಟಿ ಈ ಮೂರು ಊರುಗಳಲ್ಲಿ ನೇಕಾರರ ಮರಣ ಅತಿಯಾಗಿರುವುದರಿಂದ, ಆಕ್ಚುಯರಿಯವರ ವರದಿಯಂತೆ, ಅರವತ್ತು ದಾಟಿದವರನ್ನು ಮುಂದಿನ ನವೀಕರಣದಿಂದ ಕೈಬಿಡಲಾಗುವುದು. ಕಾಕಾಗೆ ಅರವತ್ತು ದಾಟಿತ್ತು, ಎದೆಯಲ್ಲಿ ದಮ್ಮು ಹಿಡಿದಿತ್ತು. ಅವರಿಗೆ ಮಕ್ಕಳಿರಲಿಲ್ಲ. ಅವರು ಹೋದ ಮೇಲೆ ಕಾಕಿಗೆ ಆ ವಿಮೆಯ ಹೊರತು ಬೇರೆ ಆಸರೆ ಇರಲಿಲ್ಲ.

ಅವರು ಜಮಖಂಡಿಯ ಶಾಖೆಗೆ ಹೋಗಿ ವರದಿ ತೋರಿಸಿರೆಂದು ಕೇಳಿದರು. ಅಲ್ಲಿನ ಅಧಿಕಾರಿ ಹೇಳಿದ್ದನ್ನು, ನಾನು ರಜೆಗೆ ಬಂದಾಗ ಅದೇ ಧಾಟಿಯಲ್ಲಿ, ಕುತ್ತಿಗೆ ಹಿಂದಕ್ಕೆ ಒಗೆದು ಆಡಿ ತೋರಿಸಿದರು.

"ಅಜ್ಜಾರ, ಅದು ಗೌಪ್ಯ ಐತ್ರೀ. ನಿಮಗ ತೋರಿಸಿದ್ರೂ ತಿಳಿಯೂದಿಲ್ಲ."

"ಮಂದಿ ಎಲ್ಲಾ ನಕ್ಕರು" ಎಂದಳು ಕಾಕಿ ಒಳಗಿನಿಂದ.

"ನಗಲಿ ಬಿಡು. ಯಾರ್‍ಯಾರು ನಕ್ಕಾರ ಅಂತ ನೋಡ್ಕೊಂಡೇ ಬಂದೇನಿ" ಎಂದರು ಕಾಕಾ.

ಆ ವರದಿಯ ಒಂದು ಪುಟವನ್ನು ನಾನು ಕದ್ದು ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದಿದ್ದೆ. ಅದು ತಪ್ಪು. ಗೊತ್ತಿದ್ದೇ ಮಾಡಿದ ತಪ್ಪು. ಆ ಆಕ್ಚುಯರಿಯನ್ನು ಊರ ಮುಂದೆ ನಿಲ್ಲಿಸಬೇಕೆಂಬ ಸಿಟ್ಟು ನನ್ನನ್ನು ಹಾಗೆ ಮಾಡಿಸಿತ್ತು. ಫೋನನ್ನು ಅವರ ಮುಂದೆ ಹಿಡಿದೆ. ಕಾಕಾ ಅದನ್ನು ಚಪ್ಪಟೆ ಹೆಬ್ಬೆರಳಿನಿಂದ ಚಾಪೆಯ ಮೇಲೆ ಬೋರಲು ಹಾಕಿದರು.

"ಇದು ಇನ್ನೊಬ್ಬರ ಕಾರ್ಡ್ ಐತಿ. ಅಳಸು. ನನ್ನ ಮುಂದ ಅಳಸು."

"ಕಾಕಾ, ಅವರು ನಿಮ್ಮನ್ನ ಕೈಬಿಟ್ಟಾರ್‍ರೀ!"

"ಅದಕ್ಕ ನಾನೂ ಕಳ್ಳ ಆಗಬೇಕೇನು? ಸೀರಿ ನನ್ನ ಕೈಯಾಗ ಐತಲ್ಲ, ಕಾರ್ಡ್ ಯಾಕ ಬೇಕು?"

ನಾನು ಅಳಿಸಿದೆ. ಸೀರೆ ಎಂದರೆ ಆ ಪತ್ರ. ನೇಯ್ದ ಸೀರೆ ನೋಡಿ ಕಾರ್ಡಿನ ತೂತು ಹೇಳುವುದು ಅವರ ಕಸುಬು. ಪತ್ರದ ಒಂದು ಸಾಲಿನ ಮೇಲೆ ಬೆರಳಿಟ್ಟರು. "ನಮ್ಮ ಊರು ಎಷ್ಟ ಅದಾವು? ರಬಕವಿ ಒಂದು, ಬನಹಟ್ಟಿ ಒಂದು. ಇವರು ಮೂರು ಮಾಡ್ಯಾರ. ಆ ಮೂರನೇದ್ದು ಎಲ್ಲೈತಿ, ಹೊಳ್ಯಾಗೇನು?"

ನನಗೆ ಆಗ ಹೊಳೆಯಿತು. ಎರಡೂ ಊರುಗಳಿಗೆ ನಗರಸಭೆ ಒಂದೇ, ಅದು ಕೊಡುವ ಮರಣ ಪತ್ರದಲ್ಲಿ ರಬಕವಿ-ಬನಹಟ್ಟಿ ಎಂದೇ ಇರುತ್ತದೆ. ಆದರೆ ಸಂಘದ ರಬಕವಿ ಗುಮಾಸ್ತ ತನ್ನೂರಿನ ಹೆಸರಿಗೆ ಬನಹಟ್ಟಿಯನ್ನು ಸೇರಿಸಿ ಬರೆಯುವುದಿಲ್ಲ, ಬನಹಟ್ಟಿಯವನು ರಬಕವಿಯನ್ನು ಸೇರಿಸುವುದಿಲ್ಲ. ಸಂಘದ ಪಟ್ಟಿಯಲ್ಲಿ ಊರುಗಳು ಬೇರೆ ಬೇರೆಯಾಗಿಯೇ ಇರುತ್ತವೆ. ಆಕ್ಚುಯರಿ ನಗರಸಭೆಯ ಲೆಕ್ಕವನ್ನೂ ಸಂಘದ ಪಟ್ಟಿಯನ್ನೂ ಕೂಡಿಸಿದ್ದರು. ಸತ್ತ ಪ್ರತಿಯೊಬ್ಬ ನೇಕಾರನೂ ಕಾಗದದ ಮೇಲೆ ಎರಡು ಸಲ ಸತ್ತಿದ್ದ. ಒಮ್ಮೆ ಪರೀಕ್ಷಿಸಿದ್ದರೆ ತಿಳಿಯುತ್ತಿತ್ತು. ಅವರು ಪರೀಕ್ಷಿಸದೆ ಸಹಿ ಮಾಡಿದ್ದರು.

"ಕಾಗದ ಬ್ಯಾಡ, ಬಾಗಲಾ ಎಲ್ಲೈತಿ ಅಷ್ಟ ಹೇಳು" ಎಂದರು ಕಾಕಾ.

ಬಾಗಿಲು ಇತ್ತು, ಅದೂ ಯಾರು ಬೇಕಾದರೂ ಓದಬಹುದಾದ ನಿಯಮದಲ್ಲಿ. ಸಹಿ ಮಾಡಿದ ಆಕ್ಚುಯರಿಯ ಮೇಲೆ ದೂರು ಬಂದರೆ, ಅವರ ವೃತ್ತಿಯ ಶಿಸ್ತು ಸಮಿತಿ ಆ ಗೌಪ್ಯ ವರದಿಯನ್ನು ತರಿಸಿಕೊಳ್ಳಬಹುದು. ಸಮಿತಿಯೂ ಅದನ್ನು ಗೌಪ್ಯವಾಗಿಯೇ ಇಡಬೇಕು.

ದೂರು ನಾನು ಬರೆದುಕೊಡುತ್ತೇನೆಂದೆ. "ನೀ ನೌಕರಿಯಾಕಿ, ದೂರ ಕೂಡು" ಎಂದು ತಾವೇ ಗ್ರಾಫ್ ಹಾಳೆ ತೆಗೆದರು. ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ. ಸತ್ತವರ ಹೆಸರುಗಳನ್ನೆಲ್ಲ ಬರೆದು, ಕೊನೆಗೆ ಒಂದು ಸಾಲು: ನಮ್ಮ ಊರಾಗ ಯಾರೂ ಎರಡು ಸಲ ಸತ್ತಿಲ್ಲ.

ಕೆಲವು ತಿಂಗಳ ನಂತರ ಸಮಿತಿ ಆ ವರದಿಯನ್ನು ಕೇಳಿತು. ಲಕೋಟೆಗೆ ಮೊಹರು ಹಾಕುವ ಕೆಲಸ ಎಂದಿನಂತೆ ನನ್ನ ಪಾಲಿಗೆ ಬಂತು. ಬಿಸಿ ಅರಗಿನ ಮೇಲೆ ಮುದ್ರೆಯನ್ನು ಕಾಕಾ ಕಾರ್ಡು ಒತ್ತುವಂತೆ, ಅವಸರವಿಲ್ಲದೆ, ಪೂರ್ತಿ ಬಲ ಹಾಕಿ ಒತ್ತಿದೆ. ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಅದನ್ನು ಮುಚ್ಚಿಡುವ ಸೌಜನ್ಯ ನನಗಿಲ್ಲ.

ನವೀಕರಣಕ್ಕೆ ಮೊದಲೇ ನೇಕಾರರಿಗೆ ಹೊಸ ಪತ್ರ ಬಂತು, ಯಾರನ್ನೂ ಕೈಬಿಟ್ಟಿರಲಿಲ್ಲ. ನಮ್ಮ ವರದಿಗಳ ಕೊನೆಯ ಪುಟದಲ್ಲಿ ಆ ಆಕ್ಚುಯರಿಯ ಸಹಿ ಮತ್ತೆ ಕಾಣಿಸಲಿಲ್ಲ. ಸಮಿತಿಯ ತೀರ್ಮಾನ ದೂರುದಾರರಾದ ಕಾಕಾಗೆ ಅಂಚೆಯಲ್ಲಿ ಬಂತು, ಮೇಲೆ 'ಗೌಪ್ಯ' ಎಂಬ ಮುದ್ರೆಯೊಂದಿಗೆ. ಅವರು ಓದಿದರು, ಕೆಮ್ಮುತ್ತ ನಕ್ಕರು, ಎರಡು ರಟ್ಟುಗಳ ನಡುವೆ ಇಟ್ಟು ನಾನು ಎಂದೂ ನೋಡಿರದ ಒಂದು ಗಂಟು ಹಾಕಿದರು. ಏನಿದೆ ಎಂದು ಕೇಳಿದೆ. "ಇದು ನನ್ನ ಗಿರಾಕಿದು" ಎಂದರು.

ಅದೇ ವರ್ಷದ ಚಳಿಗಾಲದಲ್ಲಿ ದಮ್ಮು ಅವರನ್ನು ಕೊಂಡೊಯ್ದಿತು. ಅವರು ಒಂದೇ ಸಲ ಸತ್ತರು. ಕಾಕಿಗೆ ವಿಮೆ ಬಂತು.

ವಿಮೆಯ ಕಾಗದಗಳಿಗೆ ಕಾಕಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಜಮಖಂಡಿಯ ಅದೇ ಅಧಿಕಾರಿ ಮನೆಗೆ ಬಂದಿದ್ದರು. ನಾನೂ ಇದ್ದೆ. ಕೆಲಸ ಮುಗಿದರೂ ಅವರು ಏಳಲಿಲ್ಲ. ಅವರ ಕಣ್ಣು ಗೋಡೆಯ ಗೂಡಿನಲ್ಲಿ ಕಾಕಾ ಗಂಟು ಹಾಕಿಟ್ಟಿದ್ದ ಆ ಕಟ್ಟಿನ ಮೇಲೆ ನೆಟ್ಟಿತ್ತು.

"ಅಕ್ಕಾರ, ಆ ಸಮಿತಿ ಪತ್ರದಾಗ ನಮ್ಮ ಶಾಖಾದ್ದೇನರ ಬರದಾರೇನ್ರೀ? ನನ್ನ ಹೆಸರು..."

ನಾನು ಕುತ್ತಿಗೆಯನ್ನು ತುಸು ಹಿಂದಕ್ಕೆ ಒಗೆದೆ. "ಸಾಹೇಬ್ರ, ಅದು ಗೌಪ್ಯ ಐತ್ರೀ. ನಿಮಗ ತೋರಿಸಿದ್ರೂ ತಿಳಿಯೂದಿಲ್ಲ."

ಕಾಕಿ ಕೊಟ್ಟ ಚಹಾ ಅವರ ಕೈಯಲ್ಲಿ ಆರಿತು. ಆ ಪತ್ರದಲ್ಲಿ ಅವರ ಹೆಸರು ಇದೆಯೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಬಿಚ್ಚಿ ನೋಡುವುದೂ ಇಲ್ಲ. ಗಂಟು ಕಾಕಾ ಹಾಕಿದ್ದು.