ಅಮ್ಮನ ಎಡಗೈ

ನಮ್ಮ ಮನೆಯಲ್ಲಿ ವಯಸ್ಸಾದವರು ಇಬ್ಬರು. ಒಬ್ಬಳು ನನ್ನ ಅಮ್ಮ, ಇನ್ನೊಬ್ಬ ನಾನು. ಅವಳಿಗೆ ಎಂಬತ್ತನಾಲ್ಕು, ನನಗೆ ಅರವತ್ತಮೂರು. ಕೀಲುನೋವು ಮಾತ್ರ ಇಬ್ಬರಿಗೂ ಸಮಪಾಲು. ಮಧುಗಿರಿಯ ಆಸ್ಪತ್ರೆಗೆ ನಾವು ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಹೋದರೆ, ಯಾರು ಯಾರನ್ನು ಕರೆತಂದಿದ್ದಾರೆ ಎಂಬುದು ಚೀಟಿ ಬರೆಯುವವರಿಗೆ ತಿಳಿಯುವುದಿಲ್ಲ. ಒಮ್ಮೆ ಕೇಳಿಯೂ ಬಿಟ್ಟರು. ಅಮ್ಮ ನನ್ನನ್ನು ಮುಂದಕ್ಕೆ ತಳ್ಳಿ, ಮೊದಲು ಇವನನ್ನು ನೋಡಿ, ಇವನು ಚಿಕ್ಕವನು ಎಂದಳು.

ನೋವು ಒಂದೇ ಆದರೂ ಅದನ್ನು ಅನುಭವಿಸುವ ರೀತಿ ಬೇರೆ ಬೇರೆ. ನನ್ನ ಮಂಡಿಯ ಕಥೆ ನಮ್ಮ ಬೀದಿಗೆಲ್ಲ ಗೊತ್ತು. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ನಾನು 'ಅಯ್ಯಪ್ಪಾ' ಎನ್ನದಿದ್ದರೆ ನನ್ನ ಹೆಂಡತಿಗೇ ಗಾಬರಿ. ಅಮ್ಮ ಹಾಗಲ್ಲ. ಅವಳ ಬೆರಳುಗಳ ಗೆಣ್ಣು ಊದಿ, ಬೆಳಗಿನ ಹೊತ್ತು ಎಡಗೈ ಮುಚ್ಚಿದ ಮೊಗ್ಗಿನ ಹಾಗೆ ಇದ್ದರೂ ಅವಳು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಓಡಾಡುತ್ತಾಳೆ. ಕೇಳಿದರೆ, ಚಳಿಗೆ ಎನ್ನುತ್ತಾಳೆ. ಮಧುಗಿರಿಯಲ್ಲಿ, ಏಪ್ರಿಲ್ ತಿಂಗಳಲ್ಲಿ.

ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವನು ನಾನು. ಮೀಟರು, ಲೀಟರು ಬರುವ ಮುಂಚೆ ನಮ್ಮವರು ಎಲ್ಲವನ್ನೂ ಕೈಯಿಂದಲೇ ಅಳೆಯುತ್ತಿದ್ದರು ಎಂದು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಗೇಣು, ಮೊಳ, ಹಿಡಿ, ಬೊಗಸೆ, ಚಿಟಿಕೆ. ಈಗ ಯೋಚಿಸಿದರೆ ಆ ಅಳತೆಗಳನ್ನು ಮಾಡಿದವರೆಲ್ಲ ಬೆರಳು ಸಲೀಸಾಗಿ ಬಿಚ್ಚಿ ಮಡಚುತ್ತಿದ್ದ ಪ್ರಾಯದವರೇ ಇರಬೇಕು. ಅಮ್ಮನ ಈಗಿನ ಗೇಣಿಗೆ ಯಾವ ಲೆಕ್ಕವೂ ತಾಳೆಯಾಗುವುದಿಲ್ಲ.

ಗುರುವಾರ ಗುರುವಾರ ನಮ್ಮ ಮನೆಗೆ ನರ್ಸ್ ಪದ್ಮಮ್ಮ ಬರುತ್ತಾರೆ. ಬಡವನಹಳ್ಳಿ ಕಡೆಯ ಮನೆಗಳನ್ನು ಮುಗಿಸಿಕೊಂಡು, ಸ್ಕೂಟರಿನ ಮೇಲೆ, ಹೆಗಲಿಗೊಂದು ಚೀಲ ಹಾಕಿಕೊಂಡು. ಅವರು ಪಾವಗಡದ ಕಡೆಯವರು, ನಿಡುಗಲ್ ಬೆಟ್ಟದ ಬುಡದಲ್ಲಿ ಕುರಿ ಸಾಕುವ ಮನೆಯಲ್ಲಿ ಬೆಳೆದವರು. 'ಏಂ ಅವ್ವಾ, ಬಾಗುನ್ನಾರಾ' ಎಂದು ತೆಲುಗಿನಲ್ಲಿ ಒಳಗೆ ಬಂದು ಕನ್ನಡದಲ್ಲಿ ಕೂರುತ್ತಾರೆ. ಮದಲೂರಿನಲ್ಲಿ ಹುಟ್ಟಿದ ಅಮ್ಮನಿಗೆ ತೆಲುಗು ಬರುವುದಿಲ್ಲ, ಆದರೂ ಚೆನ್ನಾಗಿದ್ದೇನೆ ಎಂದು ಸರಿಯಾಗಿಯೇ ಉತ್ತರ ಕೊಡುತ್ತಾಳೆ. ಅದು ಸುಳ್ಳೆಂದು ಪದ್ಮಮ್ಮನಿಗೆ ಗೊತ್ತು.

ಒಂದು ಗುರುವಾರ ಅವರು ಮಾತ್ರೆಯ ಹಾಳೆ ಎತ್ತಿ ನೋಡಿದರು. ಖಾಲಿಯಾಗಿರಬೇಕಾದ ಹಾಳೆ ಅರ್ಧಕ್ಕೂ ಹೆಚ್ಚು ಹಾಗೇ ಇತ್ತು. ನಾನು ತಕ್ಷಣ ಗೋಡೆ ತೋರಿಸಿದೆ. ಅಲ್ಲಿ ನಾನೇ ಬಣ್ಣದ ಪೆನ್ನಿನಲ್ಲಿ ಬರೆದು ಅಂಟಿಸಿದ್ದ ವೇಳಾಪಟ್ಟಿ ಇತ್ತು: ಎಂಟಕ್ಕೆ ತಿಂಡಿ, ಎಂಟೂಕಾಲಿಗೆ ಮಾತ್ರೆ. ಪದ್ಮಮ್ಮ ಅದನ್ನು ಓದಿ, ಅಕ್ಷರ ಚೆನ್ನಾಗಿದೆ ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, ತಿಂಡಿ ತಿನ್ನುವುದು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಹನ್ನೆರಡು ಗಂಟೆಗೆ. ಕೆಲವು ದಿನ ಅದೂ ಇಲ್ಲ. ನನ್ನ ಮನೆಯಲ್ಲಿ, ನಾನು ಜಗುಲಿಯ ಮೇಲೆ ಪೇಪರ್ ಓದುತ್ತ ಕೂತಿರುವಾಗ, ಒಳಗೆ ಅಮ್ಮ ಮಧ್ಯಾಹ್ನದವರೆಗೆ ಉಪವಾಸವಿರುತ್ತಿದ್ದಳು. ಹೆಂಡತಿ ಎರಡು ಸಲ ಹೇಳಿದ್ದಳಂತೆ. ನಾನು ಹೂಂಗುಟ್ಟಿದ್ದೆನಂತೆ.

ಸಂಗತಿ ಇಷ್ಟೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಬೇಕು. ಪೂಜೆಯಾಗದೆ ಅಮ್ಮ ತುತ್ತು ಮುಟ್ಟುವವಳಲ್ಲ. ಬೆಳಿಗ್ಗೆ ಕೈ ಬಿಚ್ಚಿಕೊಳ್ಳುವುದಿಲ್ಲ, ಹಾಗಾಗಿ ಪೂಜೆಯಿಲ್ಲ. ಪೂಜೆಯಿಲ್ಲ, ಹಾಗಾಗಿ ತಿಂಡಿಯಿಲ್ಲ. ತಿಂಡಿಯ ಮೇಲೆ ತೆಗೆದುಕೊಳ್ಳಬೇಕಾದ ಮಾತ್ರೆಯೂ ಇಲ್ಲ. ಮಾತ್ರೆಯಿಲ್ಲದ್ದರಿಂದ ಮರುದಿನ ಕೈ ಇನ್ನಷ್ಟು ಬಿಗಿ. ಗಾಣದ ಎತ್ತೂ ಇಷ್ಟು ಅಚ್ಚುಕಟ್ಟಾಗಿ ಸುತ್ತುವುದಿಲ್ಲ.

ನಾನು ಬುದ್ಧಿವಂತನಂತೆ ಬಾಯಿ ಹಾಕಿದೆ. ಮೊದಲು ತಿಂಡಿ ತಿನ್ನು, ದೇವರು ಎಲ್ಲಿಗೂ ಓಡಿಹೋಗುವುದಿಲ್ಲ ಎಂದೆ. ಅಮ್ಮ ಮುಖ ತಿರುಗಿಸಿ ಕೂತಳು. ಪದ್ಮಮ್ಮ ನನ್ನನ್ನು ಒಮ್ಮೆ ನೋಡಿ, ಒಂದು ಬೋಗುಣಿ ಬಿಸಿನೀರು ತರಲು ಕಳಿಸಿದರು. ನೀರಿಗಿಂತ ಹೆಚ್ಚಾಗಿ ನಾನು ಅಲ್ಲಿರುವುದು ಬೇಡವಾಗಿತ್ತೆಂದು ಈಗ ಅರ್ಥವಾಗುತ್ತದೆ.

ನೀರು ತಂದು ಬಾಗಿಲ ಬಳಿ ಬಂದಾಗ ಅಮ್ಮನ ದನಿ ಕೇಳಿತು.

"ಲಿಂಗ ಜಾರಿ ಬಿದ್ಬುಡ್ತು ಕಣಮ್ಮ. ಯುಗಾದಿ ಮಾರನೆ ದಿನ. ಎಪ್ಪತ್ತು ವರ್ಷ ಹಿಡ್ದಿದ್ ಕೈ ಇದು. ಯಾರ್ಗೂ ಹೇಳಿಲ್ಲ. ಇನ್ ನನ್ ಕೈಯಾಗೆ ನಿಲ್ಲಾಕಿಲ್ವೇನೋ ಅವ್ನು."

ಅಂದಿನಿಂದ ಅವಳಿಗೆ ಲಿಂಗವಿಟ್ಟ ಕರಡಿಗೆ ಬಿಚ್ಚುವುದಕ್ಕೇ ಭಯ. ಕೆಲವು ದಿನ ಲಿಂಗವನ್ನು ಹೊರತೆಗೆಯದೆ, ಕೊರಳಲ್ಲಿರುವ ಬೆಳ್ಳಿ ಕರಡಿಗೆಯನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡು, ಕಳ್ಳಿಯ ಹಾಗೆ ಎರಡು ತುತ್ತು ತಿಂದು ಏಳುತ್ತಿದ್ದಳು. ನೋವಿಗಿಂತ ಅವಳನ್ನು ತಿನ್ನುತ್ತಿದ್ದುದು ಇದು.

ಅದಕ್ಕೆ ಪದ್ಮಮ್ಮ ಹೇಳಿದರು:

"ನಮ್ ನಾಯ್ನ, ನಮ್ಮಪ್ಪ, ಆಗ್ತಾನೆ ಹುಟ್ಟಿದ್ ಕುರಿಮರೀನ ಕೈಯಾಗೆ ಎತ್ಕೊಂಡ್ ಬರ್ತಿದ್ದ ಅವ್ವಾ. ಒಂದೊಂದ್ಸಲ ಜಾರಿ ಬೀಳೋದು. ಬಿದ್ದಿದ್ ಮರಿ ಕೋಪ ಮಾಡ್ಕೊಂಡು ದೂರ ಹೋಗಿದ್ದು ನಾನು ನೋಡಿಲ್ಲ. ಮತ್ತೆ ಎತ್ಕೊಳ್ಳೋಗಂಟ ಅವ್ನ ಕಾಲತ್ರಾನೇ ನಿಂತಿರೋದು."

ಬಾಗಿಲಾಚೆ ನನ್ನ ಕಣ್ಣು ಒದ್ದೆಯಾಯಿತು. ಬಿಸಿನೀರಿನ ಹಬೆಯ ಮೇಲೆ ಆ ತಪ್ಪನ್ನು ಹೊರಿಸಿ ಒಳಗೆ ಹೋದೆ.

ಅಂದು ಪದ್ಮಮ್ಮ ಅಮ್ಮನ ಎರಡೂ ಕೈಗಳನ್ನು ಬೆಚ್ಚಗಿನ ನೀರಿನಲ್ಲಿ ಇರಿಸಿ, ಆಮೇಲೆ ಹೆಬ್ಬೆರಳಿನಿಂದ ಒಂದೊಂದೇ ಬೆರಳನ್ನು ಮುಟ್ಟಿಸಿದರು. ಮಣಿಕಟ್ಟಿನ ಕೆಳಗೆ ಟವೆಲ್ ಸುತ್ತಿಟ್ಟು, ಅಂಗೈಯನ್ನು ಮೇಜಿನ ಮೇಲೆ ಮೆಲ್ಲಗೆ ಹರವಿಸಿದರು. ಪೂಜೆಗೆ ಮುಂಚೆ ದಿನವೂ ಹೀಗೆ ಮಾಡಬೇಕು ಎಂದರು. ಡಾಕ್ಟರಿಗೆ ಫೋನ್ ಮಾಡಿ ಮಾತ್ರೆಯ ಹೊತ್ತನ್ನು ಪೂಜೆಗೆ ಹೊಂದಿಸಿಕೊಂಡರು. ನನ್ನ ವೇಳಾಪಟ್ಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಬಿತ್ತು. ಮೂವತ್ತು ವರ್ಷ ಊರ ಮಕ್ಕಳ ಪುಸ್ತಕಕ್ಕೆ ನಾನು ಮಾಡಿದ್ದು ನನಗೇ ವಾಪಸ್ಸು ಬಂತು.

ಭಯಕ್ಕೆ ಮಾತ್ರೆಯಿಲ್ಲವಲ್ಲ. ಕೆಳಗೆ ಇನ್ನೊಂದು ಕೈ ಇದ್ದರೆ ಬೀಳುವ ಹೆದರಿಕೆ ಇರುವುದಿಲ್ಲ ಎಂದರು ಪದ್ಮಮ್ಮ. ಸ್ನಾನವಾಗದೆ ಸೊಸೆಯನ್ನೂ ಪೂಜೆಯ ಮೂಲೆಗೆ ಬಿಡದ ಅಮ್ಮ ಒಂದು ಗಳಿಗೆ ಯೋಚಿಸಿದಳು. ನಂತರ, ನೀನೇ ಹಿಡಿ ಎಂದಳು. ಕೈಕಾಲು ತೊಳೆದು ಬಂದ ಪದ್ಮಮ್ಮನ ಅಂಗೈಯ ಮೇಲೆ ಅಮ್ಮನ ಅಂಗೈ, ಅದರ ಮೇಲೆ ಲಿಂಗ. ಲಿಂಗ ಬೀಳಲಿಲ್ಲ.

ಗುರುವಾರವೇನೋ ಆಯಿತು, ವಾರದಲ್ಲಿ ಇನ್ನೂ ಆರು ದಿನಗಳಿವೆ. ಆ ಕೆಲಸ ನನ್ನ ಪಾಲಿಗೆ ಬಂತು. ನನ್ನ ಲಿಂಗವನ್ನು ಬೀರುವಿನಲ್ಲಿಟ್ಟು ವರ್ಷಗಳೇ ಆಗಿದ್ದವು. ಯಾರಾದರೂ ಕೇಳಿದರೆ ವಿಚಾರವಾದ ಎನ್ನುತ್ತಿದ್ದೆ, ನಿಜವಾಗಿ ಅದು ಸೋಮಾರಿತನ. ಈಗ ಆರು ಗಂಟೆಗೆ ಸ್ನಾನ ಮಾಡಿ, ಮಂಡಿ ಮಡಚಲಾಗದ್ದರಿಂದ ಸ್ಟೂಲಿನ ಮೇಲೆ ಪರೀಕ್ಷೆ ಕಾಯುವ ಮೇಷ್ಟರ ಹಾಗೆ ಕೂತು, ಕೈ ಒಡ್ಡಿದೆ. ಅಭಿಷೇಕದ ನೀರು ಅಮ್ಮನ ಬೆರಳ ಸಂದಿಯಿಂದ ಇಳಿದು ನನ್ನ ಅಂಗಿಯ ತೋಳಿನೊಳಗೆ ಹೋಗುತ್ತಿತ್ತು. ನನ್ನನ್ನು ಎತ್ತಿ ಬೆಳೆಸಿದ ಕೈ ಎಷ್ಟು ಹಗುರವೆಂದು ಅರವತ್ತಮೂರರಲ್ಲಿ ನನಗೆ ತಿಳಿಯಿತು.

ಐದು ತಿಂಗಳು ಹೀಗೇ ಕಳೆಯಿತು. ಹೋದ ಗುರುವಾರ ಪದ್ಮಮ್ಮ ಸ್ಕೂಟರ್ ಹತ್ತುವ ಮುಂಚೆ ನನ್ನನ್ನು ಕರೆದು, ಅವ್ವನ ಬೆರಳಿಗೆ ಶಕ್ತಿ ಬಂದಿದೆ, ಇನ್ನು ಕೆಳಗೆ ಕೈ ಬೇಕಾಗಿಲ್ಲ ಎಂದರು. ಅವ್ವನಿಗೂ ಹೇಳಿದ್ದೇನೆ ಎಂದರು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಹಾಸಿಗೆಯಲ್ಲೇ ಹೊರಳಾಡಿ, ಹೋಗಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಸ್ನಾನ ಮಾಡಿ ಹೋಗುವಷ್ಟರಲ್ಲಿ ಹೊತ್ತಾಗಿತ್ತು. ಅಮ್ಮ ಕರಡಿಗೆಯನ್ನು ಇನ್ನೂ ಬಿಚ್ಚಿರಲಿಲ್ಲ. ಸ್ಟೂಲು ಅದರ ಜಾಗದಲ್ಲೇ ಇತ್ತು. ನಾನು 'ಅಯ್ಯಪ್ಪಾ' ಎಂದು ಕೂತು ಕೈ ಒಡ್ಡಿದೆ. ಅವಳು ತನ್ನ ಅಂಗೈಯನ್ನು ಬೆರಳೂ ಕೊಂಕದಂತೆ ಪೂರ್ತಿ ಹರವಿ, ನನ್ನ ಅಂಗೈಯ ಮೇಲಿಟ್ಟಳು.

"ಯಾಕ್ಲಾ, ಇವತ್ತು ಇಷ್ಟೊತ್ತು ಮಾಡ್ಬುಟ್ಟೆ" ಎಂದಳು.